ಬಸವಣ್ಣನ ಮುಖದ ಎರಡು ನಾಣ್ಯ: ಒಂದು ಊರೆಲ್ಲ ಸುತ್ತಿತು, ಇನ್ನೊಂದು ಡಬ್ಬಿ ಸೇರಿತು

2006ರ ಇಸವಿ ಹೊತ್ತ, ಬಸವಣ್ಣನವರ ಮುಖ ಇರುವ ಎರಡು ನಾಣ್ಯಗಳಿವೆ. ಒಂದು ಐದು ರೂಪಾಯಿಯದು, ಇನ್ನೊಂದು ನೂರು ರೂಪಾಯಿಯದು. ಎರಡನ್ನೂ ಹೊರಡಿಸಿದ್ದು ಭಾರತ ಸರ್ಕಾರವೇ. ಎರಡರಲ್ಲೂ ಒಂದು ಬದಿಗೆ ಅಶೋಕನ ಸಿಂಹ, ಇನ್ನೊಂದು ಬದಿಗೆ ಬಸವಣ್ಣ. ಆದರೆ ಎರಡರ ಹಣೆಬರಹ ಬೇರೆ ಬೇರೆ.

ಐದರ ನಾಣ್ಯ ಬ್ಯಾಂಕಿನ ಚೀಲದಿಂದ ಹೊರಬಿದ್ದು ಚಿಲ್ಲರೆಯಾಯಿತು. ಕಂಡಕ್ಟರ್ ಬ್ಯಾಗು, ಚಹಾ ಅಂಗಡಿಯ ಗಲ್ಲಾ, ದೇವರ ಹುಂಡಿ ಎಲ್ಲ ಕಂಡಿತು. ನೂರರ ನಾಣ್ಯ ಮಾತ್ರ ಒಂದು ದಿನವೂ ಪೇಟೆಗೆ ಬರಲಿಲ್ಲ. ಟಂಕಸಾಲೆಯಿಂದ ಡಬ್ಬಿಯಲ್ಲೇ ಹೊರಟು, ಮೊದಲೇ ದುಡ್ಡು ಕಟ್ಟಿದ ಸಂಗ್ರಹಕಾರರ ಕಪಾಟು ಸೇರಿತು.

ಸ್ಮರಣಾರ್ಥ ನಾಣ್ಯ ಅಂದರೇನು, ಅದು ಯಾವಾಗ ಅಪರೂಪವಾಗುತ್ತದೆ ಅನ್ನುವುದಕ್ಕೆ ಈ ಜೋಡಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ನಮ್ಮ ಕಲಬುರಗಿ, ಬೀದರ್ ಕಡೆ ಇದನ್ನು ತಿಳಿದುಕೊಳ್ಳುವ ಅಗತ್ಯವೂ ಜಾಸ್ತಿ ಇದೆ. ಇಲ್ಲಿ ಮನೆಮನೆಯಲ್ಲೂ ಹಳೆ ನಾಣ್ಯ ಇವೆ. ನಿಜಾಮನ ಕಾಲದ್ದು, ಬ್ರಿಟಿಷರ ಕಾಲದ್ದು, ಮೊನ್ನೆ ಮೊನ್ನೆ ಬಂದ ಹತ್ತು ರೂಪಾಯಿಯ ಬಗೆಬಗೆಯ ನಾಣ್ಯ, ಎಲ್ಲ ಒಂದೇ ಡಬ್ಬಿಯಲ್ಲಿ. ಯಾವುದಕ್ಕೆ ಬೆಲೆ, ಯಾವುದಕ್ಕೆ ಇಲ್ಲ ಅಂತ ಗೊತ್ತಿಲ್ಲದೆ ಒಳ್ಳೆಯದನ್ನು ತೂಕಕ್ಕೆ ಮಾರುತ್ತಾರೆ. ಇಲ್ಲವಾದರೆ ಸಾಮಾನ್ಯ ನಾಣ್ಯ ಹಿಡಿದುಕೊಂಡು ಲಕ್ಷದ ಆಸೆಗೆ ಬೀಳುತ್ತಾರೆ. ಎರಡೂ ಬೇಸರದ ಸಂಗತಿ.

ಬಸವಣ್ಣ ನಾಣ್ಯದ ಮೇಲೆ ಬಂದದ್ದು ಎಷ್ಟು ಸರಿ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಅವರು ಬಿಜ್ಜಳನ ಆಸ್ಥಾನದಲ್ಲಿ ಲೆಕ್ಕ ಬರೆಯುವ ಕರಣಿಕರಾಗಿ, ಮುಂದೆ ಬೊಕ್ಕಸ ನೋಡಿಕೊಳ್ಳುವ ಭಂಡಾರಿಯಾಗಿ ಕೆಲಸ ಮಾಡಿದವರು. ಬಿಜ್ಜಳನ ರಾಜಧಾನಿ ಕಲ್ಯಾಣವೇ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬೊಕ್ಕಸದ ದುಡ್ಡನ್ನು ಜಂಗಮರಿಗೆ ಹಂಚುತ್ತಾರೆ ಅಂತ ಯಾರೋ ಚಾಡಿ ಹೇಳಿದರಂತೆ. ರಾಜ ಲೆಕ್ಕ ತೆಗೆಸಿದಾಗ ಒಂದು ಕಾಸೂ ಕಡಿಮೆ ಬರಲಿಲ್ಲವಂತೆ. ಈ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗದ್ಯಾಣ, ಪಣ, ಹಾಗ, ವೀಸ ಎಣಿಸುತ್ತಿದ್ದ ಕಾಲದ ಒಬ್ಬ ಭಂಡಾರಿ ಇವತ್ತಿನ ರೂಪಾಯಿಯ ಮೇಲೆ ಕೂತಿದ್ದಾರೆ.

ಇಂಥ ನಾಣ್ಯಗಳ ಚರಿತ್ರೆ ತುಂಬಾ ಹಿಂದೆ ಹೋಗುತ್ತದೆ. ಯಾವುದೋ ಒಂದು ಘಟನೆಯನ್ನು ಜನ ಮರೆಯಬಾರದು ಅಂತ ನಾಣ್ಯ ಹೊಡೆಸುವುದು ರಾಜರ ಕಾಲದಿಂದ ಇದೆ. ನಾಲ್ಕನೆಯ ಶತಮಾನದ ಸಮುದ್ರಗುಪ್ತ ಅಶ್ವಮೇಧ ಮಾಡಿ, ಯಜ್ಞದ ಕುದುರೆಯ ಚಿತ್ರ ಇರುವ ಚಿನ್ನದ ನಾಣ್ಯ ಹೊರಡಿಸಿದ. ಸ್ವತಂತ್ರ ಭಾರತದಲ್ಲಿ ಇದು ಶುರುವಾದದ್ದು 1964ರಲ್ಲಿ. ಆ ವರ್ಷ ಮೇ 27ರಂದು ನೆಹರು ತೀರಿಕೊಂಡರು. ಅವರ ಮುಖ ಇರುವ ಒಂದು ರೂಪಾಯಿ ಮತ್ತು ಐವತ್ತು ಪೈಸೆ ನಾಣ್ಯ ಬಂದವು. ಅಲ್ಲಿಯವರೆಗೆ ನಮ್ಮ ಗಣರಾಜ್ಯದ ನಾಣ್ಯದಲ್ಲಿ ಮನುಷ್ಯರ ಮುಖವೇ ಇರಲಿಲ್ಲ. ಬ್ರಿಟಿಷ್ ರಾಜನ ತಲೆ ತೆಗೆದು ಅಶೋಕನ ಸಿಂಹ ಇಟ್ಟಿದ್ದೆವು, ಅಷ್ಟೇ. ಆ ಐವತ್ತು ಪೈಸೆಯಲ್ಲೂ ಎರಡು ಬಗೆ ಇವೆ. ಒಂದರಲ್ಲಿ ನೆಹರು ಹೆಸರು ಇಂಗ್ಲಿಷಿನಲ್ಲಿ, ಇನ್ನೊಂದರಲ್ಲಿ ಹಿಂದಿಯಲ್ಲಿ.

1969ರಲ್ಲಿ ಗಾಂಧೀಜಿ ಹುಟ್ಟಿ ನೂರು ವರ್ಷ. ಆಗ ಇಪ್ಪತ್ತು ಪೈಸೆ, ಐವತ್ತು ಪೈಸೆ, ಒಂದು ರೂಪಾಯಿ, ಜೊತೆಗೆ ಬೆಳ್ಳಿಯ ಹತ್ತು ರೂಪಾಯಿ ನಾಣ್ಯ ಬಂದವು. ಆ ಹತ್ತು ರೂಪಾಯಿ 15 ಗ್ರಾಂ ತೂಗುತ್ತದೆ, ಅದರಲ್ಲಿ ಶೇಕಡಾ 80 ಬೆಳ್ಳಿ. ಆಮೇಲೆ ಆಹಾರ ಬೆಳೆಯಿರಿ, ಸಂಸಾರ ಚಿಕ್ಕದಿರಲಿ ಅನ್ನುವ ಸರ್ಕಾರದ ಮಾತುಗಳೂ ನಾಣ್ಯದ ಮೇಲೆ ಬಂದವು. 1982ರ ಏಷ್ಯನ್ ಕ್ರೀಡಾಕೂಟಕ್ಕೂ ನಾಣ್ಯ ಬಂತು.

ಈಚೆಗೆ ಬೆಲೆಯ ಅಂಕಿಗಳೇ ವಿಚಿತ್ರವಾಗಿ ಕಾಣುತ್ತವೆ. ರಿಸರ್ವ್ ಬ್ಯಾಂಕಿಗೆ 75 ತುಂಬಿದಾಗ 75 ರೂಪಾಯಿ ನಾಣ್ಯ. ರವೀಂದ್ರನಾಥ ಟ್ಯಾಗೋರ್ ಹುಟ್ಟಿ 150 ವರ್ಷ ಆದಾಗ 150 ರೂಪಾಯಿ. ಅಂಬೇಡ್ಕರ್ ಅವರ 125ನೆಯ ಜಯಂತಿಗೆ 125 ರೂಪಾಯಿ. ತಂಜಾವೂರಿನ ಬೃಹದೀಶ್ವರ ದೇವಸ್ಥಾನಕ್ಕೆ ಸಾವಿರ ವರ್ಷ ಆದಾಗ 1000 ರೂಪಾಯಿ. ಎಷ್ಟನೆಯ ವರ್ಷವೋ ಅಷ್ಟು ರೂಪಾಯಿ ಅನ್ನುವ ಲೆಕ್ಕ. 2011ರ ನಾಣ್ಯ ಕಾಯ್ದೆ ಸಾವಿರಕ್ಕೆ ಗೆರೆ ಎಳೆದಿದೆ. ಅದಕ್ಕಿಂತ ದೊಡ್ಡ ಮೊತ್ತದ ನಾಣ್ಯ ಹೊರಡಿಸುವಂತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಾಣ್ಯ ಹೇಗೆ ಹುಟ್ಟುತ್ತದೆ?

ಮೊದಲು ಕೇಂದ್ರ ಹಣಕಾಸು ಸಚಿವಾಲಯ ಗೆಜೆಟ್‌ನಲ್ಲಿ ಪ್ರಕಟಣೆ ಹೊರಡಿಸುತ್ತದೆ. ಯಾರ ನೆನಪಿಗೆ, ಎಷ್ಟು ರೂಪಾಯಿ, ಯಾವ ಲೋಹ, ಎಷ್ಟು ತೂಕ, ಎಷ್ಟು ಅಗಲ, ಅಂಚಿನಲ್ಲಿ ಎಷ್ಟು ಗೀರು, ಎರಡೂ ಬದಿಗೆ ಏನೇನು ಚಿತ್ರ ಅಂತ ಅದರಲ್ಲಿ ಬರೆದಿರುತ್ತದೆ. ಆಮೇಲೆ ಕೆಲಸ ಟಂಕಸಾಲೆಯದು. ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆ ಇವೆ: ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ. ಲೋಹದ ಹಾಳೆಯಿಂದ ದುಂಡನೆಯ ಬಿಲ್ಲೆ ಕತ್ತರಿಸುತ್ತಾರೆ. ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಜೋರಾಗಿ ಒತ್ತುತ್ತಾರೆ. ಅಲ್ಲಿಗೆ ನಾಣ್ಯ ತಯಾರು.

ಇಲ್ಲಿಂದ ದಾರಿ ಎರಡಾಗುತ್ತದೆ. ಚಲಾವಣೆಗೆ ಹೋಗುವ ನಾಣ್ಯವನ್ನು ಯಂತ್ರ ಒಂದರ ಹಿಂದೆ ಒಂದು ಒತ್ತಿ ಬುಟ್ಟಿಗೆ ಉದುರಿಸುತ್ತದೆ. ಒಂದಕ್ಕೊಂದು ತಾಗಿ ಹುಟ್ಟುವಾಗಲೇ ಸಣ್ಣ ಗೀರು ಬಿದ್ದಿರುತ್ತವೆ. ಅವು ಚೀಲ ಸೇರಿ ರಿಸರ್ವ್ ಬ್ಯಾಂಕಿಗೆ, ಅಲ್ಲಿಂದ ನಮ್ಮ ಊರಿನ ಬ್ಯಾಂಕಿಗೆ ಬರುತ್ತವೆ. ಸಂಗ್ರಹಕ್ಕೆ ಮಾಡುವ ಪ್ರೂಫ್ ನಾಣ್ಯದ ಉಪಚಾರವೇ ಬೇರೆ. ಅಚ್ಚನ್ನು ಕನ್ನಡಿಯ ಹಾಗೆ ಹೊಳಪು ಮಾಡಿರುತ್ತಾರೆ. ಒಂದೇ ಬಿಲ್ಲೆಯನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಕೈಯಿಂದ ಎತ್ತಿ ಡಬ್ಬಿಗೆ ಇಡುತ್ತಾರೆ. ಬೆಳಕಿಗೆ ಹಿಡಿದರೆ ಬಯಲು ಜಾಗ ಕನ್ನಡಿಯಂತೆ ಹೊಳೆಯುತ್ತದೆ, ಮುಖ ಮತ್ತು ಅಕ್ಷರ ಮಾತ್ರ ಮಂಜು ಕವಿದ ಹಾಗೆ ಬೆಳ್ಳಗೆ ಎದ್ದು ಕಾಣುತ್ತವೆ. ಒಮ್ಮೆ ನೋಡಿದರೆ ಸಾಕು, ಮತ್ತೆ ಅನುಮಾನ ಬರುವುದಿಲ್ಲ.

ಬಸವಣ್ಣನ ನೂರು ರೂಪಾಯಿಯ ನಾಣ್ಯ ಬಂದದ್ದು ಚಲಾವಣೆಯ ದಾರಿಯಲ್ಲಿ ಅಲ್ಲ, ಸಂಗ್ರಹದ ದಾರಿಯಲ್ಲಿ. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ. ಅರ್ಧ ಬೆಳ್ಳಿ, ಶೇಕಡಾ 40 ತಾಮ್ರ, ಉಳಿದದ್ದು ನಿಕಲ್ ಮತ್ತು ಸತು ಐದೈದು ಪಾಲು. ಹಾಗಾಗಿ ಒಂದು ನಾಣ್ಯದಲ್ಲಿ ಹದಿನೇಳೂವರೆ ಗ್ರಾಂ ಬೆಳ್ಳಿ ಇರುತ್ತದೆ. ಆ ದಿನದ ಬೆಳ್ಳಿ ದರಕ್ಕೆ ಗುಣಿಸಿ ನೋಡಿ, ಎಂಥ ಕೆಟ್ಟ ಕಾಲದಲ್ಲೂ ಅದರ ಬೆಲೆ ಅದಕ್ಕಿಂತ ಕೆಳಗೆ ಇಳಿಯಬಾರದು. ಟಂಕಸಾಲೆಯೂ ಇವನ್ನು ನೂರು ರೂಪಾಯಿಗೆ ಕೊಡುವುದಿಲ್ಲ. ಲೋಹ, ಕೆಲಸ, ಡಬ್ಬಿ ಎಲ್ಲ ಸೇರಿಸಿ ಬೆಲೆ ಇಡುತ್ತದೆ. ಇಷ್ಟು ದಿನದೊಳಗೆ ಬುಕ್ ಮಾಡಬೇಕು ಅಂತ ಗಡುವು ಹೇಳುತ್ತದೆ. ಬುಕ್ ಮಾಡಿದವರು ಕಡಿಮೆಯಾದರೆ ನಾಣ್ಯವೂ ಕಡಿಮೆ. ಅಪರೂಪ ಅನ್ನುವುದು ಅರ್ಧ ಅಲ್ಲೇ ತೀರ್ಮಾನವಾಗಿ ಹೋಗುತ್ತದೆ.

ಇನ್ನರ್ಧ ತೀರ್ಮಾನವಾಗುವುದು ಎಷ್ಟು ಉಳಿದವು ಅನ್ನುವುದರ ಮೇಲೆ. ಇಲ್ಲಿ ಐದು ರೂಪಾಯಿಯ ಕಥೆ ಬರುತ್ತದೆ.

1992ರಲ್ಲಿ ಬಂದ ದಪ್ಪ ಐದು ರೂಪಾಯಿ ನೆನಪಿದೆ ಅಲ್ವಾ? 9 ಗ್ರಾಂ ತೂಕ, 23 ಮಿಲಿಮೀಟರ್ ಅಗಲ, ಅಂಚಿನ ನಡುವೆ ಒಂದು ಗೀರು. ತಾಮ್ರ ಮತ್ತು ನಿಕಲ್ ಬೆರೆಸಿದ ಲೋಹ. ಲೋಹದ ಬೆಲೆ ಏರಿದ ಮೇಲೆ ಅದನ್ನು ಕರಗಿಸುವುದೇ ಲಾಭವಾಯಿತು. ಗಡಿ ದಾಟಿಸಿ ಬಾಂಗ್ಲಾದೇಶಕ್ಕೆ ಒಯ್ದು ಬ್ಲೇಡ್ ಮಾಡುತ್ತಾರೆ ಅಂತ ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. ಸರ್ಕಾರ 2007ರ ಹೊತ್ತಿಗೆ 6 ಗ್ರಾಂನ ಉಕ್ಕಿನ ಐದು ರೂಪಾಯಿ ತಂದಿತು. ಅದರ ಹಿಂದೆಯೇ ಹಳದಿ ಬಣ್ಣದ ನಾಣ್ಯ ಬಂತು. ದಪ್ಪ ಐದು ಮೆಲ್ಲಗೆ ಮರೆಯಾಯಿತು. ಬಸವಣ್ಣನ ನಾಣ್ಯ ಬಂದದ್ದು ಸರಿಯಾಗಿ ಈ ಬದಲಾವಣೆಯ ಹೊತ್ತಿನಲ್ಲಿ. ಆ ಕಾಲದ ಸ್ಮರಣಾರ್ಥ ಐದರ ನಾಣ್ಯಗಳಲ್ಲಿ ದಪ್ಪ ಲೋಹದವೂ ಇವೆ, ಉಕ್ಕಿನವೂ ಇವೆ. ಬೇರ್ಪಡಿಸುವುದು ಸುಲಭ. ಒಂದು ಅಯಸ್ಕಾಂತ ತನ್ನಿ. ಉಕ್ಕಿನದು ಅಂಟಿಕೊಳ್ಳುತ್ತದೆ, ತಾಮ್ರ-ನಿಕಲ್‌ನದು ಅಂಟುವುದಿಲ್ಲ. ಇದನ್ನೇ ನೆಹರು ನಾಣ್ಯಕ್ಕೆ ಹಿಡಿದರೆ ತಿರುಗುಮುರುಗು: 1964ರ ಆ ರೂಪಾಯಿ ಅಪ್ಪಟ ನಿಕಲ್, ಅಸಲಿಯಾದರೆ ಅಯಸ್ಕಾಂತಕ್ಕೆ ಅಂಟಲೇಬೇಕು.

ನಾಣ್ಯ ಕರಗಿಸುವ ಈ ವ್ಯವಹಾರ ಕಲಬುರಗಿಗೆ ಹೊಸದಲ್ಲ. ಇಲ್ಲಿ ಅದಕ್ಕೆ ರಕ್ತ ಹರಿದಿದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ರಾಜಧಾನಿಯಾಯಿತು. ಆಗಿನ ನಾಣ್ಯಗಳ ಮೇಲೆ ಈ ಊರಿನ ಹೆಸರು ಅಹಸನಾಬಾದ್ ಅಂತ ಇದೆ. ಮುಂದೆ ರಾಜಧಾನಿ ಬೀದರಿಗೆ ಹೋದಾಗ ಮುಹಮ್ಮದಾಬಾದ್ ಅನ್ನುವ ಹೆಸರು ಬಂತು. ಎರಡನೆಯ ಸುಲ್ತಾನ ಮೊದಲನೆಯ ಮುಹಮ್ಮದ್ ಶಾ ಚಿನ್ನ, ಬೆಳ್ಳಿಯ ನಾಣ್ಯ ಹೊಡೆಸಿದ. ಆದರೆ ಅವು ಪೇಟೆಯಲ್ಲಿ ನಿಲ್ಲಲಿಲ್ಲ. ಸರಾಫರು, ಅಕ್ಕಸಾಲಿಗರು ಅವನ್ನು ಕರಗಿಸಿಬಿಡುತ್ತಿದ್ದರು. ವಿಜಯನಗರದ ಮತ್ತು ತೆಲಂಗಾಣದ ರಾಜರು ತಮ್ಮ ವರಹ, ಹಣಗಳೇ ದಖ್ಖನಿನಲ್ಲಿ ನಡೆಯಲಿ ಅಂತ ಇದನ್ನು ಮಾಡಿಸುತ್ತಿದ್ದರು ಅಂತ ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಸುಲ್ತಾನ ಎಚ್ಚರಿಕೆ ಕೊಟ್ಟ, ನಿಲ್ಲಲಿಲ್ಲ. ಕೊನೆಗೆ 1360ರಲ್ಲಿ ಕರಗಿಸುತ್ತಿದ್ದವರನ್ನೆಲ್ಲ ಕೊಲ್ಲಿಸಿದನಂತೆ. ಉತ್ತರದಿಂದ ಬಂದಿದ್ದ ಖತ್ರಿ ವ್ಯಾಪಾರಿಗಳ ಕೈಗೆ ಸರಾಫರ ಕೆಲಸ ಕೊಟ್ಟನಂತೆ. ಫರಿಶ್ತಾ ಇದನ್ನು ಬರೆದದ್ದು ಇನ್ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ. ಹಾಗಾಗಿ ಪ್ರತಿ ಮಾತನ್ನೂ ಹಾಗೇ ನಂಬಬೇಕಿಲ್ಲ. ಆದರೆ ಕರಗಿದ ನಾಣ್ಯ ಲೆಕ್ಕಕ್ಕೆ ಸಿಗುವುದಿಲ್ಲ ಅನ್ನುವುದು ಅವತ್ತಿಗೂ ನಿಜ, ಇವತ್ತಿಗೂ ನಿಜ. ಟಂಕಸಾಲೆಯ ಪುಸ್ತಕದಲ್ಲಿ ಎಷ್ಟು ಬರೆದಿದೆ ಅನ್ನುವುದು ಒಂದು ಅಂಕಿ. ಭೂಮಿ ಮೇಲೆ ಎಷ್ಟು ಉಳಿದಿವೆ ಅನ್ನುವುದು ಬೇರೆಯೇ ಅಂಕಿ. ಬೆಲೆ ಕಟ್ಟುವವರು ನೋಡುವುದು ಎರಡನೆಯದನ್ನು. ಅಂದ ಹಾಗೆ, ಈಗಲೂ ನಾಣ್ಯ ಕರಗಿಸುವುದು, ಒಡೆಯುವುದು ಅಪರಾಧ. 2011ರ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ಹಳೆಯದೆಲ್ಲ ಸ್ಮರಣಾರ್ಥ ನಾಣ್ಯ ಅಂದುಕೊಳ್ಳುತ್ತಾರೆ. ಚಾರ್ಮಿನಾರ್ ಚಿತ್ರದ ಬೆಳ್ಳಿ ರೂಪಾಯಿ ಹಿಡಿದು ಬರುವವರು ಬಹಳ. ಅದು ಯಾವ ಸಮಾರಂಭದ ನೆನಪಿಗೂ ಅಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನದ ದಿನನಿತ್ಯದ ದುಡ್ಡು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಸಂತೆಗೆ ಹೋಗುತ್ತಿದ್ದದ್ದು ಇದೇ ರೂಪಾಯಿ ಹಿಡಿದು. ಹಾಲಿ ಸಿಕ್ಕಾ ಅಂತ ಕರೆಯುತ್ತಿದ್ದರು, ಬ್ರಿಟಿಷ್ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. 1950ರಲ್ಲಿ ಏಳು ಹಾಲಿಗೆ ಆರು ಭಾರತೀಯ ರೂಪಾಯಿ ಲೆಕ್ಕದಲ್ಲಿ ಬದಲಾವಣೆ ಶುರುವಾಯಿತು. 1959ರಲ್ಲಿ ಹಾಲಿ ಪೂರ್ತಿ ರದ್ದಾಯಿತು.

ಈ ರೂಪಾಯಿಯನ್ನು ಹತ್ತಿರದಿಂದ ನೋಡಿ. ಚಾರ್ಮಿನಾರಿನ ನಡುಬಾಗಿಲೊಳಗೆ ಒಂದು ಉರ್ದು ಅಕ್ಷರ ಇದೆ. ‘ಮೀಮ್’ ಇದ್ದರೆ ಮಹಬೂಬ್ ಅಲಿ ಖಾನ್ ಕಾಲದ್ದು. ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನ್ ಕಾಲದ್ದು. ಉಸ್ಮಾನ್ ಅಲಿಯ ಮೊದಮೊದಲ ನಾಣ್ಯಗಳಲ್ಲಿ, ಇಸ್ಲಾಮಿ ಪಂಚಾಂಗದ ಹಿಜರಿ 1329, 1330ರವುಗಳಲ್ಲಿ, ಆ ಐನ್ ಪೂರ್ತಿ ಇಲ್ಲ, ಗಿಡ್ಡವಾಗಿದೆ. ಆಮೇಲೆ ಪೂರ್ತಿ ಅಕ್ಷರ ಬಂತು. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಸಂಗ್ರಹಕಾರರು ಬೇರೆ ಬೆಲೆ ಕೊಡುತ್ತಾರೆ. ಸರಾಫರ ಅಂಗಡಿಯಲ್ಲಿ ಇದನ್ನೆಲ್ಲ ನೋಡುವುದಿಲ್ಲ. “ಹಾಲಿ ಅದ ಅಕ್ಕಾರ, ತೂಕಕ್ಕ ತಗೋತೀನ್ರಿ” ಅಂದು ತಕ್ಕಡಿಗೆ ಹಾಕುತ್ತಾರೆ. ಅವರ ತಪ್ಪೇನಿಲ್ಲ. ಅವರ ವ್ಯಾಪಾರ ಬೆಳ್ಳಿಯದು. ಕೊಡುವ ಮೊದಲು ಬಾಗಿಲೊಳಗಿನ ಅಕ್ಷರ ನೋಡಿಕೊಳ್ಳಬೇಕಾದವರು ನಾವು.

ಹೈದರಾಬಾದಿನ ಟಂಕಸಾಲೆ 1903ರಿಂದ ಸೈಫಾಬಾದಿನಲ್ಲಿತ್ತು. ಚಾರ್ಮಿನಾರ್ ರೂಪಾಯಿ ಹುಟ್ಟಿದ್ದು ಅಲ್ಲೇ. 1950ರಲ್ಲಿ ಅದು ಭಾರತ ಸರ್ಕಾರದ ಕೈಗೆ ಬಂತು, 1997ರಲ್ಲಿ ಚೆರ್ಲಪಲ್ಲಿಗೆ ಸ್ಥಳಾಂತರವಾಯಿತು. ನಿಮ್ಮ ಜೇಬಿನ ನಾಣ್ಯದಲ್ಲಿ ಇಸವಿಯ ಕೆಳಗೆ ಚಿಕ್ಕ ನಕ್ಷತ್ರ ಇದ್ದರೆ ಅದು ಹೈದರಾಬಾದಿನದು. ಅಜ್ಜಿಯ ಹಾಲಿ ರೂಪಾಯಿ, ನಿಮ್ಮ ಹತ್ತು ರೂಪಾಯಿ, ಎರಡೂ ಒಂದೇ ಟಂಕಸಾಲೆಯವು! ನನಗೆ ಇದು ಪ್ರತಿ ಸಲ ಖುಷಿ ಕೊಡುತ್ತದೆ. ವಜ್ರದ ಆಕಾರ ಇದ್ದರೆ ಮುಂಬೈ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ಸ್ಮರಣಾರ್ಥ ನಾಣ್ಯವನ್ನು ಒಂದು ಕಡೆ ಕೋಟಿಗಟ್ಟಲೆ, ಇನ್ನೊಂದು ಕಡೆ ತೀರಾ ಕಡಿಮೆ ಹೊಡೆದಿರಬಹುದು. ಆಗ ಆ ಚಿಕ್ಕ ಗುರುತೇ ಬೆಲೆ ಹೇಳುತ್ತದೆ.

ಎಷ್ಟು ಹೊಡೆದರು, ಎಷ್ಟು ಉಳಿದವು ಅನ್ನುವುದಾಯಿತು. ಬೆಲೆ ಹೇಳುವ ಮೂರನೆಯ ಸಂಗತಿ ನಾಣ್ಯದ ಸ್ಥಿತಿ. ಇಲ್ಲಿ ನಮ್ಮ ಜನ ಪ್ರೀತಿಯಿಂದಲೇ ನಾಣ್ಯ ಕೆಡಿಸುತ್ತಾರೆ. ದೀಪಾವಳಿಗೆ ಲಕ್ಷ್ಮೀ ಪೂಜೆ ಬಂತು ಅಂದರೆ ಬೆಳ್ಳಿ ರೂಪಾಯಿ ಹೊರಗೆ ಬರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ, ಇಲ್ಲವೇ ಪಾತ್ರೆ ತೊಳೆಯುವ ಪುಡಿ ಹಾಕುತ್ತಾರೆ. ಥಳಥಳ ಹೊಳೆಯುತ್ತದೆ. ಆಮೇಲೆ ಅರಿಶಿನ, ಕುಂಕುಮ. ಆದರೆ ನಾಣ್ಯದ ಮೇಲ್ಮೈ ಅಂದರೆ ಅಚ್ಚು ಒತ್ತಿದಾಗ ಮೂಡಿದ ತೆಳು ಪದರ. ಒಮ್ಮೆ ತಿಕ್ಕಿದರೆ ಅದು ಹೋಯಿತು, ಮತ್ತೆ ಬರುವುದಿಲ್ಲ. ವರ್ಷಗಳಿಂದ ಕೂತ ಕಪ್ಪು ಛಾಯೆಯನ್ನು ಸಂಗ್ರಹಕಾರರು ಇಷ್ಟಪಡುತ್ತಾರೆ, ತಿಕ್ಕಿದ ಹೊಳಪನ್ನು ದೂರದಿಂದಲೇ ಗುರುತು ಹಿಡಿದು ಬೆಲೆ ಇಳಿಸುತ್ತಾರೆ. ಸರಕ್ಕೆ ಕೊಂಡಿ ಬೆಸೆದಿದ್ದರಂತೂ ಬೆಳ್ಳಿಯ ಬೆಲೆ ಮಾತ್ರ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಪೂಜೆಗೆ ಒಂದು ಸಾಧಾರಣ ನಾಣ್ಯ ಬೇರೆ ಇಟ್ಟುಕೊಳ್ಳಿ. ಒಳ್ಳೆಯದನ್ನು ಅಂಚು ಹಿಡಿದು ಎತ್ತಿ, ಒಣಗಿದ ಜಾಗದಲ್ಲಿ ಒಂಟಿಯಾಗಿ ಇಡಿ.

ಈ ಮೂರನ್ನೂ ಬಸವಣ್ಣನ ಐದು ರೂಪಾಯಿಗೆ ಹಚ್ಚಿ ನೋಡಿ. ಚಲಾವಣೆಗೆ ಅಂತಲೇ ಹೊಡೆದದ್ದು. ನಿಮ್ಮ ಹತ್ತಿರ ಇರುವುದು ಸವೆದಿದ್ದರೆ ಅದಕ್ಕೆ ಐದು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಸಿಕ್ಕೀತು, ಅಷ್ಟೇ. ಮುಟ್ಟದ ಹಾಗೆ ಉಳಿದ ಹೊಸ ನಾಣ್ಯಕ್ಕೆ ಇನ್ನೂ ಸ್ವಲ್ಪ. ಡಬ್ಬಿ ಸಮೇತ ಇರುವ ನೂರರ ಪ್ರೂಫ್ ನಾಣ್ಯಕ್ಕೆ ನಿಜವಾಗಿಯೂ ಕೇಳುವವರಿದ್ದಾರೆ.

ಹಾಗಾದರೆ ಫೋನಿಗೆ ಬರುವ ಲಕ್ಷದ ಸಂದೇಶಗಳು? ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಅನ್ನುವುದು ಎಲ್ಲರೂ ನೋಡಿದ್ದೇ. ಅವು ಚಲಾವಣೆಗೆ ಬಂದ ನಾಣ್ಯಗಳು, ಜನರ ಕೈಯಲ್ಲಿ ರಾಶಿ ಇವೆ. ಮೋಸ ನಡೆಯುವ ರೀತಿ ಹೀಗೆ: ನಿಮ್ಮ ನಾಣ್ಯದ ಫೋಟೋ ಕಳಿಸಿ ಅನ್ನುತ್ತಾರೆ. ದೊಡ್ಡ ಮೊತ್ತ ಒಪ್ಪುತ್ತಾರೆ. ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಅಂತ ನಿಮ್ಮಿಂದಲೇ ದುಡ್ಡು ಹಾಕಿಸಿಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಕೂಡ ತೋರಿಸುತ್ತಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಸ್ಪಷ್ಟವಾಗಿ ಹೇಳಿದೆ. ಕೊಳ್ಳುವವನು ಮಾರುವವನಿಂದ ದುಡ್ಡು ಕೇಳಿದರೆ ಮಾತು ಅಲ್ಲೇ ಮುಗಿಸಿ.

ಇದರ ಇನ್ನೊಂದು ಮುಖ ಅಂಗಡಿಗಳಲ್ಲಿ ಕಾಣುತ್ತದೆ. ಹತ್ತು ರೂಪಾಯಿ ನಾಣ್ಯ ಕೊಟ್ಟರೆ “ಇದು ನಡಿಯಂಗಿಲ್ರಿ” ಅನ್ನುತ್ತಾರೆ. ಒಂದೊಂದು ನಾಣ್ಯ ಒಂದೊಂದು ತರ ಇದೆ, ಹಾಗಾಗಿ ಖೋಟಾ ಅನ್ನುವ ಅನುಮಾನ. ತರ ತರ ಇರುವುದಕ್ಕೆ ಕಾರಣ ಇದೇ ಸ್ಮರಣಾರ್ಥ ಮುದ್ರಣ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ್ದು: ಅಲ್ಲಿಯವರೆಗೆ ಹತ್ತು ರೂಪಾಯಿ 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ನಡೆಯುತ್ತವೆ. ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿವರೆಗೆ ಕೊಡುವುದು ಕಾನೂನಿನ ಪ್ರಕಾರ ಸರಿ.

ಕೊನೆಗೆ ಹೊಲದಲ್ಲಿ ಸಿಗುವ ನಾಣ್ಯದ ಮಾತು. ಬಹಮನಿ ಕೋಟೆಗಳ ಸುತ್ತ, ಹಳೆ ಊರುಗಳ ಹಾಳು ಜಾಗಗಳಲ್ಲಿ, ಪಾಯ ತೋಡುವಾಗ, ನೇಗಿಲು ಹೊಡೆಯುವಾಗ ನಾಣ್ಯ ಸಿಗುವುದುಂಟು. ಅದನ್ನು ಹಂಚಿಕೊಂಡು ಗುಟ್ಟಾಗಿ ಮಾರುವುದು ಅಪರಾಧ. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ. ನಿಧಿ ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದು, ದೇಶದ ಹೊರಗೆ ಕಳಿಸುವಂತಿಲ್ಲ. ಮಡಕೆಯಲ್ಲಿ ಸಿಕ್ಕರೆ ಮಡಕೆ ಸಮೇತ, ಮಣ್ಣು ಕೂಡ ತೊಳೆಯದೆ ಒಪ್ಪಿಸಿ. ಯಾವ ನಾಣ್ಯ ಯಾವುದರ ಜೊತೆ, ಎಷ್ಟು ಆಳದಲ್ಲಿ ಇತ್ತು ಅನ್ನುವುದರಿಂದ ಅದನ್ನು ಯಾರು, ಯಾವ ಕಾಲದಲ್ಲಿ ಹೂತಿಟ್ಟರು ಅಂತ ಪುರಾತತ್ವದವರು ಕಂಡುಹಿಡಿಯುತ್ತಾರೆ.